ಮ್ಯಾಂವ್, ಬೌಬೌ ಮತ್ತು ಒಬ್ಬ ಉತ್ತರಕುಮಾರ

ನಮ್ಮ ಸೋದರಮಾವ ಕೊಡೆಯಿಂದ ಹುಲಿ ಓಡಿಸಿದವರು. ಆಷಾಢದ ಒಂದು ಸಂಜೆ ಆಗುಂಬೆ ಘಾಟಿಯ ಕಾಲುದಾರಿಯಲ್ಲಿ ಹುಲಿ ಎದುರಾಯಿತಂತೆ. ಇವರು ಕೊಡೆಯನ್ನು ಫಟ್ಟನೆ ಬಿಚ್ಚಿದರಂತೆ. ಹುಲಿ ಬೆದರಿ ಕಣಿವೆಗೆ ಹಾರಿತಂತೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಆರು ಮೊಳವಿದ್ದ ಆ ಹುಲಿ ನಾನು ಎಸ್ಸೆಸ್ಸೆಲ್ಸಿಗೆ ಬರುವಷ್ಟರಲ್ಲಿ ಹತ್ತು ಮೊಳ ಬೆಳೆದಿತ್ತು. ಕೊಡೆ ಮಾತ್ರ ಅಷ್ಟೇ ಉದ್ದ ಉಳಿದಿತ್ತು. ಜಗಲಿಯಲ್ಲಿ ಕಥೆ ರಂಗೇರಿ ಹುಲಿ ಇನ್ನೇನು ಹಾರಬೇಕು ಅನ್ನುವಾಗ ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು: "ಉತ್ತರನ ಪೌರುಷ ಒಲೆ ಮುಂದೆ, ನಿಮ್ಮ ಪೌರುಷ ಎಲೆ ಮುಂದೆ. ಏಳಿ, ಬಡಿಸಿದ್ದೀನಿ."

ಮಾವ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಗುಮಾಸ್ತರಾಗಿಯೇ ನಿವೃತ್ತರಾದರು. ಅವರ ಕಣ್ಣೆದುರೇ ಕಿರಿಯರೆಲ್ಲ ಸೂಪರಿಂಟೆಂಡೆಂಟರಾಗಿ ಪಕ್ಕದ ಕೋಣೆ ಸೇರಿದರು. ಇವರ ಕುರ್ಚಿಯ ಬೆತ್ತ ಎರಡು ಸಲ ಬದಲಾಯಿತು, ಕುಳಿತವರು ಬದಲಾಗಲಿಲ್ಲ. ಬಡಾಯಿಗೂ ಬಡ್ತಿಗೂ ಏನಾದರೂ ಸಂಬಂಧವಿದೆಯೇ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಬಡ್ತಿ ಸಿಗದ್ದರಿಂದ ಹುಲಿ ಬೆಳೆಯಿತೋ, ಹುಲಿ ಬೆಳೆದದ್ದರಿಂದ ಬಡ್ತಿ ತಪ್ಪಿತೋ ಇವತ್ತಿಗೂ ಬಗೆಹರಿದಿಲ್ಲ.

ಹೀಗಿರುವಾಗ ನನಗೆ ಪುಸ್ತಕದಲ್ಲಿ ಜೆಫ್ರಿ ಸ್ಪೈಸರ್-ಸಿಮ್ಸನ್ ಸಿಕ್ಕ. ಬ್ರಿಟಿಷ್ ನೌಕಾಪಡೆಯ ಅಧಿಕಾರಿ. ನಾಲ್ಕು ಪುಟ ಓದುವಷ್ಟರಲ್ಲಿ, ಅರೆ, ಇವನನ್ನು ನಾನು ಬಲ್ಲೆನಲ್ಲ ಅನ್ನಿಸಿತು. ಕೊಡೆಯೊಂದು ಇರಲಿಲ್ಲ, ಅಷ್ಟೇ.

1876ರಲ್ಲಿ ಟಾಸ್ಮೇನಿಯಾದಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಬೆಳೆದು, ಹದಿನಾಲ್ಕನೇ ವಯಸ್ಸಿಗೇ ನೌಕಾಪಡೆ ಸೇರಿದವನು. ಅಳತೆಯ ಕೆಲಸದಲ್ಲಿ ಗಟ್ಟಿಗ. ಚೀನಾದ ಯಾಂಗ್ಟ್ಸಿ ನದಿಯ ಮೇಲ್ಭಾಗವನ್ನೂ ಆಫ್ರಿಕಾದ ಗ್ಯಾಂಬಿಯಾ ನದಿಯನ್ನೂ ಅಳೆದು ನಕಾಶೆಗೆ ಇಳಿಸಿದ. ಆದರೆ ಅಳೆಯುವವನ ಕೈಗೆ ಹಡಗನ್ನೇ ಕೊಟ್ಟಾಗ ಗ್ರಹಚಾರ ಕೆಡುತ್ತಿತ್ತು. ಎರಡು ಹಡಗುಗಳ ನಡುವೆ ಹಗ್ಗ ಕಟ್ಟಿ ಎಳೆದುಕೊಂಡು ಹೋದರೆ ಸಬ್‌ಮರೀನಿನ ದುರ್ಬೀನು ಸಿಕ್ಕಿಕೊಳ್ಳುತ್ತದೆ ಎಂದು ಒಮ್ಮೆ ಉಪಾಯ ಹೂಡಿದ. ಉಪಾಯ ಎಷ್ಟು ಚೆನ್ನಾಗಿ ಫಲಿಸಿತೆಂದರೆ ತನ್ನ ಕಡೆಯದೇ ಒಂದು ಸಬ್‌ಮರೀನು ಮುಳುಗುವುದು ಸ್ವಲ್ಪದರಲ್ಲಿ ತಪ್ಪಿತು. ಪೋರ್ಟ್ಸ್‌ಮತ್ ಬಂದರಿನ ಕಾವಲು ಪರೀಕ್ಷಿಸಲು ಹೋಗಿ ಹಡಗನ್ನು ಮರಳದಂಡೆಗೆ ಹತ್ತಿಸಿದ. ಇನ್ನೊಮ್ಮೆ ಸಣ್ಣ ದೋಣಿಯೊಂದಕ್ಕೆ ಡಿಕ್ಕಿ ಹೊಡೆಸಿ ಒಂದು ಜೀವ ಹೋಯಿತು, ವಿಚಾರಣೆ ನಡೆಯಿತು. ಇಷ್ಟಾದರೂ ಊಟದ ಮೇಜಿನಲ್ಲಿ ಅವನ ಮಾತಿಗೆ ತಡೆಯಿರಲಿಲ್ಲ. ತಾನು ಹೊಡೆದ ಸಿಂಹ, ತಾನು ಕಂಡ ದೇಶ, ತನ್ನ ಗುರಿ. ಹಾಡುವ ಚಟವೂ ಇತ್ತು, ಶ್ರುತಿಯ ಹಂಗಿಲ್ಲದೆ. ಸಹೋದ್ಯೋಗಿಗಳು ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದರಂತೆ.

ಮೊದಲ ಮಹಾಯುದ್ಧ ಶುರುವಾದಾಗ ಕಡಲಂಚಿನ ಒಂದು ಪುಟ್ಟ ತುಕಡಿ ಅವನ ಕೈಗೆ ಬಂತು. 1914ರ ನವೆಂಬರ್ 11ರಂದು ಅವನು ದಡದ ಹೋಟೆಲಿನಲ್ಲಿ ಹೆಂಗಸರೊಂದಿಗೆ ಹರಟುತ್ತ ಕುಳಿತಿದ್ದಾಗ, ಡೀಲ್ ಊರಿನ ಮುಂದೆ ಲಂಗರು ಹಾಕಿದ್ದ ಅವನ ತುಕಡಿಯ 'ನೈಜರ್' ಹಡಗನ್ನು ಜರ್ಮನ್ ಸಬ್‌ಮರೀನು ಹಾಡಹಗಲೇ ಟಾರ್ಪೆಡೊ ಹೊಡೆದು ಮುಳುಗಿಸಿತು. ಅಲ್ಲಿಗೆ ಅವನನ್ನು ಮೇಜಿನ ಕೆಲಸಕ್ಕೆ ಹಾಕಿದರು. ನೌಕಾ ಇಲಾಖೆಯ ಒಂದು ಕೋಣೆ, ಒಂದು ಮೇಜು, ವ್ಯಾಪಾರಿ ಹಡಗುಗಳ ನೌಕರರನ್ನು ಯುದ್ಧಕ್ಕೆ ವರ್ಗ ಮಾಡುವ ಕಡತಗಳು. ವಯಸ್ಸು ಮೂವತ್ತೊಂಬತ್ತು, ಹುದ್ದೆ ಇನ್ನೂ ಲೆಫ್ಟಿನೆಂಟ್ ಕಮಾಂಡರ್. ಕುರ್ಚಿಯ ಬೆತ್ತ ಬದಲಾಗುತ್ತಿತ್ತೋ ಇಲ್ಲವೋ, ಮನುಷ್ಯ ಅಲ್ಲೇ ಸವೆಯಬೇಕಾಗಿತ್ತು.

ಆಗ ಅವನ ಪಾಲಿಗೆ ಒಂದು ಕೆರೆ ಬಂತು. ಕೆರೆ ಅನ್ನಬಾರದು; ಟಾಂಗಾನಿಕಾ ಸರೋವರ ಉತ್ತರದಿಂದ ದಕ್ಷಿಣಕ್ಕೆ 670 ಕಿಲೋಮೀಟರ್ ಚಾಚಿದೆ, ಆಳ 1,470 ಮೀಟರ್. ಪೂರ್ವದ ದಡ ಜರ್ಮನರದು, ಪಶ್ಚಿಮದ ದಡ ಬೆಲ್ಜಿಯನ್ನರ ಕಾಂಗೋ, ದಕ್ಷಿಣದ ತುದಿ ಬ್ರಿಟಿಷರದು. ದಡದಲ್ಲಿ ಹುಟ್ಟಿ ಬೆಳೆದ ಹೊಲೊಹೊಲೊ ಜನರ ಹೆಸರಿಗೆ ಮಾತ್ರ ಪಹಣಿಯಲ್ಲಿ ಏನೂ ಇರಲಿಲ್ಲ. ಸರೋವರದ ಮೇಲೆ ಜರ್ಮನರ ಎರಡು ಉಗಿಹಡಗುಗಳು ಓಡಾಡುತ್ತಿದ್ದವು: 'ಕಿಂಗಾನಿ' ಮತ್ತು 'ಹೆಡ್ವಿಗ್ ಫಾನ್ ವಿಸ್ಮನ್'. ಬೆಲ್ಜಿಯನ್ನರ ಒಂದೇ ಒಂದು ಉಗಿಹಡಗನ್ನು ಯುದ್ಧದ ಮೊದಲ ತಿಂಗಳಲ್ಲೇ ಅವು ಕೆಡಿಸಿ ಕೂರಿಸಿದ್ದವು. ನೀರು ಯಾರದೋ ಅವರು ಎಲ್ಲಿ ಬೇಕೆಂದರಲ್ಲಿ ಸೈನ್ಯ ಇಳಿಸಬಹುದು.

ಜಾನ್ ಲೀ ಎಂಬ ಆನೆ ಬೇಟೆಗಾರ 1915ರ ಏಪ್ರಿಲ್‌ನಲ್ಲಿ ಲಂಡನ್ನಿಗೆ ಬಂದು ನೌಕಾ ಇಲಾಖೆಗೆ ಒಂದು ಉಪಾಯ ಹೇಳಿದ. ದೊಡ್ಡ ಹಡಗು ಬೇಡ, ಚುರುಕಾದ ಎರಡು ಮೋಟಾರು ದೋಣಿ ಸಾಕು. ಅವನ್ನು ಕೇಪ್‌ಟೌನಿನಿಂದ ರೈಲಿನಲ್ಲಿ ತಂದು, ಅಲ್ಲಿಂದ ಮುಂದೆ ಕಾಡು ಬೆಟ್ಟಗಳ ಮೇಲೆ ಎಳೆದು ಸರೋವರಕ್ಕೆ ಇಳಿಸೋಣ ಎಂದ. ಇಲಾಖೆ ಒಪ್ಪಿತು. ಯಾರನ್ನು ಕಳಿಸುವುದು? ಕೆಲಸ ಬಲ್ಲವರೆಲ್ಲ ಯುದ್ಧದಲ್ಲಿದ್ದರು. ಮೇಜಿನ ಹಿಂದೆ ಕುಳಿತಿದ್ದ ಒಬ್ಬನಿಗೆ ಫ್ರೆಂಚ್ ಚೆನ್ನಾಗಿ ಬರುತ್ತಿತ್ತು, ಆಫ್ರಿಕಾ ಗೊತ್ತಿತ್ತು, ಇಂಗ್ಲೆಂಡಿನಲ್ಲಿ ಅವನ ಅಗತ್ಯ ಯಾರಿಗೂ ಅಷ್ಟಾಗಿ ಇರಲಿಲ್ಲ. ಬೇಡದವರನ್ನು ದೂರದೂರಿಗೆ ವರ್ಗ ಮಾಡುವ ಪದ್ಧತಿ ನಮ್ಮಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆ.

ದೋಣಿಗಳು ಥೇಮ್ಸ್ ನದಿಯ ದಡದ ಥಾರ್ನಿಕ್ರಾಫ್ಟ್ ಕಾರ್ಖಾನೆಯಲ್ಲಿ ಸಿದ್ಧವಾಗಿದ್ದವು. ಮೊದಲು ಗ್ರೀಸ್ ದೇಶದವರು ತಮ್ಮ ಕಡಲ ವಿಮಾನಗಳ ಚಾಕರಿಗೆಂದು ಹೇಳಿ ಮಾಡಿಸಿದ್ದವು ಅವು. ನಲವತ್ತು ಅಡಿ ಉದ್ದ, ಎಂಟು ಅಡಿ ಅಗಲ. ಮುಂದೆ ಒಂದು ಪುಟ್ಟ ತೋಪು, ಹಿಂದೆ ಒಂದು ಮೆಷಿನ್ ಗನ್. ಬ್ರಿಟಿಷ್ ನೌಕಾಪಡೆಯ ಹಡಗಿಗೆ ಹೆಸರಿಡುವುದೆಂದರೆ ಸಾಮಾನ್ಯವೇ? ಸಿಡಿಲು, ವಿಜಯ, ಅಜೇಯ, ಇಂಥವೇ ಆಗಬೇಕು. ನಮ್ಮ ಸ್ಪೈಸರ್ 'ಬೆಕ್ಕು' ಮತ್ತು 'ನಾಯಿ' ಎಂದು ಬರೆದು ಕಳಿಸಿದ. ಇಲಾಖೆ ಮುಖ ಸಿಂಡರಿಸಿ ತಿರಸ್ಕರಿಸಿತು. ಹಾಗಾದರೆ 'ಮಿಮಿ' ಮತ್ತು 'ತುತು' ಇರಲಿ ಎಂದ. ಫ್ರೆಂಚ್ ಹೆಸರು, ಕೇಳಲು ಗೌರವವಾಗಿದೆ ಎಂದು ಒಪ್ಪಿಗೆ ಬಿತ್ತು. ಆಮೇಲೆ ಅವನೇ ಅರ್ಥ ಬಿಡಿಸಿ ಹೇಳಿದ: ಪ್ಯಾರಿಸ್ಸಿನ ಮಕ್ಕಳ ಬಾಯಲ್ಲಿ ಮಿಮಿ ಅಂದರೆ ಮ್ಯಾಂವ್, ತುತು ಅಂದರೆ ಬೌಬೌ. ನೆಲ್ಸನ್ನನ ನೌಕಾಪಡೆಯ ಪಟ್ಟಿಯಲ್ಲಿ ಹೀಗೆ ಮ್ಯಾಂವ್, ಬೌಬೌ ಸೇರಿಕೊಂಡವು. ಮನುಷ್ಯ ಎಂಥ ಬಡಾಯಿಕೋರನೇ ಆಗಲಿ, ಇಷ್ಟೊಂದು ತುಂಟತನ ಇದ್ದವನನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

1915ರ ಜೂನ್ ಮಧ್ಯದಲ್ಲಿ ಇಪ್ಪತ್ತೆಂಟು ಜನ ಹೊರಟರು. ಅವರಲ್ಲಿ ಹ್ಯಾನ್ಷೆಲ್ ಎಂಬ ಡಾಕ್ಟರು, ಮ್ಯಾಗಿ ಎಂಬ ಪತ್ರಕರ್ತ, ಕೂದಲಿಗೆ ಹಳದಿ ಬಣ್ಣ ಹಚ್ಚಿಕೊಂಡು ಒಂಟಿಗಣ್ಣಿನ ಕನ್ನಡಕ ಏರಿಸಿದ ಒಬ್ಬ ಶೋಕಿಲಾಲ. ಕೇಪ್‌ಟೌನಿನಿಂದ ರೈಲಿನಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಮೀರಿದ ಪ್ರಯಾಣ. ಯೋಜನೆ ಯಾರ ತಲೆಯಿಂದ ಬಂತೋ ಆ ಲೀಯ ಮೇಲೆ ಏನೋ ಗಾಳಿಮಾತು ನಂಬಿ, ಸ್ಪೈಸರ್ ಅವನನ್ನೇ ಅರ್ಧ ದಾರಿಯಲ್ಲಿ ತಂಡದಿಂದ ಕಿತ್ತುಹಾಕಿದ. ಇದನ್ನು ಮಾವನಿಗೆ ಹೇಳಿದ್ದರೆ ಅವರಿಗೆ ಕಥೆಯ ಬಾಕಿ ಭಾಗ ಬೇಕಾಗುತ್ತಿರಲಿಲ್ಲ, ತಮ್ಮ ಕಚೇರಿಯ ಕಥೆಯನ್ನೇ ಶುರುಮಾಡುತ್ತಿದ್ದರು.

ಆಗಸ್ಟ್ ಆರಂಭದಲ್ಲಿ ಕಾಂಗೋದ ಫುಂಗುರುಮೆಯಲ್ಲಿ ಹಳಿ ಮುಗಿಯಿತು. ಮುಂದಿನ ಸುಮಾರು 230 ಕಿಲೋಮೀಟರಿನಲ್ಲಿ ರಸ್ತೆ ಎಂಬುದೇ ಇರಲಿಲ್ಲ. ನಡುವೆ ಆರು ಸಾವಿರ ಅಡಿಯ ಮಿಟುಂಬಾ ಬೆಟ್ಟಸಾಲು. ಊರೂರಿನಿಂದ ನೂರಾರು ಆಫ್ರಿಕನ್ ಆಳುಗಳು ಬಂದು ಕಾಡು ಕಡಿದರು, ನೂರೈವತ್ತಕ್ಕೂ ಹೆಚ್ಚು ಸೇತುವೆ ಕಟ್ಟಿದರು. ದೋಣಿ ಎಳೆಯಲು ಎರಡು ಉಗಿ ಟ್ರ್ಯಾಕ್ಟರುಗಳು. ಅವುಗಳ ಬಾಯಾರಿಕೆ ಎಂಥದೆಂದರೆ, ಹೆಂಗಸರು ಮೈಲಿಗಟ್ಟಲೆ ದೂರದಿಂದ ತಲೆಯ ಮೇಲೆ ನೀರು ಹೊತ್ತು ತಂದು ಕುಡಿಸಬೇಕಾಗಿತ್ತು. ಬೆಟ್ಟದ ಏರಿನಲ್ಲಿ ಟ್ರ್ಯಾಕ್ಟರು ಉಸಿರು ಕಟ್ಟಿ ನಿಂತಾಗ, ಎತ್ತುಗಳು ಬಂದವು. ಮೇಲಿನ ಮರಕ್ಕೆ ರಾಟೆ ಬಿಗಿದು, ಹಗ್ಗದ ಒಂದು ತುದಿ ದೋಣಿಗೆ, ಇನ್ನೊಂದು ತುದಿ ಎತ್ತುಗಳ ನೊಗಕ್ಕೆ. ಎತ್ತುಗಳನ್ನು ಇಳಿಜಾರಿನಲ್ಲಿ ಕೆಳಗೆ ಹೊಡೆದರೆ ದೋಣಿ ಮೇಲಕ್ಕೆ ಏರುತ್ತದೆ. ಓದುತ್ತಿದ್ದಂತೆ ನನಗೆ ಕಪಿಲೆ ಬಾವಿ ಕಣ್ಣಿಗೆ ಕಟ್ಟಿತು. ಬಯಲುಸೀಮೆಯ ಯಾವ ರೈತನನ್ನು ಕೇಳಿದ್ದರೂ ಎತ್ತು ಇಳಿದರೆ ಬಾನಿ ಏರುತ್ತದೆ ಎಂಬ ಲೆಕ್ಕ ಹೇಳುತ್ತಿದ್ದ. ಇಲ್ಲಿ ಅದನ್ನು ಹೊಳೆಯಿಸಿಕೊಂಡವನು ವೇನ್‌ರೈಟ್, ರೊಡೇಸಿಯಾದಲ್ಲಿ ಬೇಸಾಯ ಮಾಡಿ ಎತ್ತಿನ ಮನಸ್ಸು ಬಲ್ಲವನು. ಬೆಟ್ಟ ಇಳಿಯುವಾಗ ಇನ್ನೊಂದು ಪಾಡು. ನಮ್ಮ ತೇರಿನ ಚಕ್ರಕ್ಕೆ ಸನ್ನೆ ಹಾಕುವವರ ಹಾಗೆ ಹಿಡಿದು ಹಿಡಿದು ಬಿಡಬೇಕು. ತಪ್ಪಿದರೆ ಮ್ಯಾಂವ್ ಹೋಗಿ ಬೌಬೌ ಮೇಲೆ.

ಅಂತೂ ಒಂದೂವರೆ ತಿಂಗಳಲ್ಲಿ ಬೆಟ್ಟ ದಾಟಿದರು. ಮತ್ತೆ ತುಸು ರೈಲು, ಆಮೇಲೆ ಲುವಾಲಾಬಾ ನದಿ. ನದಿಯಲ್ಲಿ ನೀರು ಬತ್ತಿತ್ತು; ದೋಣಿಗಳ ತಳಕ್ಕೆ ಪೀಪಾಯಿ ಕಟ್ಟಿ ತೇಲಿಸಿದರು, ಆದರೂ ಮರಳಿಗೆ ಸಿಕ್ಕಿಕೊಂಡದ್ದಕ್ಕೆ ಲೆಕ್ಕವಿಲ್ಲ. ಅಕ್ಟೋಬರ್ ಕೊನೆಗೆ ಸರೋವರದ ದಡ ಸೇರಿದರು. ಒಂದು ಮಾತು ಇಲ್ಲಿ ಹೇಳಲೇಬೇಕು. ಜೀವನವಿಡೀ ಹಡಗು ಕೊಟ್ಟಲ್ಲೆಲ್ಲ ಎಡವಿದ ಮನುಷ್ಯ, ಹಡಗು ಹೋಗಬಾರದ ದಾರಿಯಲ್ಲಿ ಎರಡು ಹಡಗನ್ನು ಒಂದು ಗೀರೂ ಬೀಳದಂತೆ ಎನ್ನುವಷ್ಟು ಜೋಪಾನವಾಗಿ ತಂದ. ನೀರೇ ಅವನ ಶತ್ರುವಾಗಿತ್ತೋ ಏನೋ.

ದಡದಲ್ಲಿ ಬೀಡುಬಿಟ್ಟ ಮೇಲೆ ಅವನಿಗೆ ರಂಗಸ್ಥಳ ಸಿಕ್ಕಂತಾಯಿತು. ತನ್ನ ಗುಡಿಸಿಲಿನ ಮುಂದೆ ವೈಸ್ ಅಡ್ಮಿರಲ್ಲನ ಬಾವುಟ ಏರಿಸಿದ. ಅವನ ಹುದ್ದೆಗೂ ಆ ಬಾವುಟಕ್ಕೂ ನಾಲ್ಕಾರು ಮೆಟ್ಟಿಲ ಅಂತರ. ಆಮೇಲೆ ಲಂಗ ತೊಟ್ಟ. ಹೌದು, ಖಾಕಿ ಬಟ್ಟೆಯ ಲಂಗ, ಮೊಣಕಾಲಿನವರೆಗೆ. ತಾನೇ ನಮೂನೆ ಬರೆದು ಹೆಂಡತಿಯಿಂದ ಹೊಲಿಸಿಕೊಂಡು ತಂದದ್ದು. ಸೆಕೆಗೆ ಇದೇ ಸರಿ ಎಂಬುದು ಅವನ ವಾದ. ಕರಾವಳಿಯ ಪಂಚೆ ಕಂಡ ನಮಗೆ ಅದರಲ್ಲಿ ವಾದಿಸುವಂಥದ್ದು ಏನೂ ಕಾಣುವುದಿಲ್ಲ, ಆದರೆ ಬೆಲ್ಜಿಯನ್ ಅಧಿಕಾರಿಗಳು ಬಿದ್ದು ಬಿದ್ದು ನಕ್ಕರು. 'ಲಂಗದ ಕಮಾಂಡರು' ಎಂದು ಹೆಸರಿಟ್ಟರು. ಊರಿನವರು ಸ್ವಾಹಿಲಿಯಲ್ಲಿ ಹೊಟ್ಟೆಗೆ ಬಟ್ಟೆ ಸುತ್ತಿಕೊಂಡ ದೊರೆ ಎಂಬರ್ಥದ ಹೆಸರು ಕೊಟ್ಟರು. ವಾರಕ್ಕೆರಡು ಸಲ ಸಂಜೆ ಎಲ್ಲರೆದುರು ಸ್ನಾನ. ಮೈತುಂಬ ಹಾವು ಮತ್ತಿತರ ಹಚ್ಚೆ. ಕೈಯಲ್ಲಿ ಒಂದು ಲೋಟ ವೆರ್ಮೂತ್ ಮದ್ಯ. ನೋಡಲು ಜನ ಜಾತ್ರೆಯ ಹಾಗೆ ಸೇರುತ್ತಿದ್ದರು.

ಉತ್ತರಕುಮಾರನೂ ಇವನೇ, ಬೃಹನ್ನಳೆಯೂ ಇವನೇ ಎಂದು ನಾನು ಪುಸ್ತಕ ಮುಚ್ಚಿಟ್ಟು ನಕ್ಕೆ. ಆದರೆ ಕುಮಾರವ್ಯಾಸನ ಉತ್ತರ ಕೌರವ ಸೇನೆಯನ್ನು ಕಂಡದ್ದೇ ರಥದಿಂದ ಧುಮುಕಿ ಓಡಿದ. ಇವನು ಹಾಗೆ ಓಡಲಿಲ್ಲ.

ಡಿಸೆಂಬರ್ ಕೊನೆಯಲ್ಲಿ ದೋಣಿಗಳು ನೀರಿಗಿಳಿದವು. 26ನೇ ತಾರೀಕು ಭಾನುವಾರ. ಸ್ಪೈಸರ್ ತನ್ನ ಜನರನ್ನು ಸಾಲಾಗಿ ನಿಲ್ಲಿಸಿ ಪ್ರಾರ್ಥನೆ ಓದುತ್ತಿದ್ದ. ಶತ್ರುಹಡಗು ಬರುತ್ತಿದೆ ಎಂಬ ಚೀಟಿ ಕೈಗೆ ಬಂತು. ನೋಡಿದ, ಪ್ರಾರ್ಥನೆ ನಿಲ್ಲಿಸಲಿಲ್ಲ. ಕೊನೆಯ ಸಾಲಿನವರೆಗೂ ಸಾವಧಾನವಾಗಿ ಓದಿ, ಆಮೇಲೆ ದೋಣಿ ಹತ್ತಿ ಎಂದ. ಬಂದದ್ದು 'ಕಿಂಗಾನಿ'. ಅದರ ತೋಪು ಮುಂದಕ್ಕೆ ಮಾತ್ರ ಹಾರಿಸಬಲ್ಲದು. ಮ್ಯಾಂವ್, ಬೌಬೌ ಎರಡೂ ಅದರ ಹಿಂದೆ ಬಿದ್ದವು. ಹನ್ನೊಂದು ನಿಮಿಷಕ್ಕೆ ಯುದ್ಧ ಮುಗಿಯಿತು. ಜರ್ಮನ್ ನಾಯಕನೂ ಕೆಲವರೂ ಸತ್ತರು, ಉಳಿದವರು ಸೆರೆ. ಹಡಗಿನಲ್ಲಿದ್ದ ಒಂದು ಮೇಕೆ ಬದುಕಿ ಪಕ್ಷ ಬದಲಿಸಿತು. ಸತ್ತ ನಾಯಕನ ಉಂಗುರವನ್ನು ಸ್ಪೈಸರ್ ತನ್ನ ಬೆರಳಿಗೆ ಹಾಕಿಕೊಂಡ. ಇದನ್ನು ಓದಿದಾಗ ಮಾತ್ರ ನನ್ನ ನಗು ಆರಿತು. ಸೆರೆ ಸಿಕ್ಕ ಹಡಗನ್ನು ದುರಸ್ತಿ ಮಾಡಿ ಬ್ರಿಟಿಷ್ ಬಾವುಟ ಏರಿಸಿ, ಬೆಕ್ಕು ನಾಯಿಗಳ ಜೊತೆಗೆ ಹಕ್ಕಿಯ ಚಿಲಿಪಿಲಿಯೂ ಇರಲೆಂದು 'ಫಿಫಿ' ಎಂದು ಹೆಸರಿಟ್ಟರು. ಕಡತದ ಮೇಜಿನವನಿಗೆ ಆ ದಿನದಿಂದಲೇ ಕಮಾಂಡರ್ ಹುದ್ದೆಗೆ ಬಡ್ತಿ ಬಂತು.

1916ರ ಫೆಬ್ರವರಿ 9ರಂದು 'ಹೆಡ್ವಿಗ್' ಹುಡುಕಿಕೊಂಡು ಬಂತು. ಈ ಸಲ ಸ್ಪೈಸರ್ ಫಿಫಿಯ ಮೇಲೆ. ಫಿಫಿಗೆ ಹೊಸದಾಗಿ ಕೂರಿಸಿದ್ದ ತೋಪು ಅದರ ಮೈಗೆ ಮೀರಿದ್ದು. ಹಾರಿಸಿದಾಗಲೆಲ್ಲ ಹಡಗೇ ಹಿಂದಕ್ಕೆ ತಳ್ಳಿಸಿಕೊಂಡು ಓಟ ಕುಗ್ಗುತ್ತಿತ್ತು. ಗುಂಡಿನ ಮೇಲೆ ಗುಂಡು ನೀರಿಗೆ ಹೋಯಿತು. ಮೂರೇ ಉಳಿದಾಗ ಒಂದು ತೋಪಿನೊಳಗೇ ಸಿಕ್ಕಿಕೊಂಡಿತು. ಯಾವಾಗ ಸಿಡಿಯುತ್ತದೋ ಎಂದು ಇಪ್ಪತ್ತು ನಿಮಿಷ ಉಸಿರು ಬಿಗಿಹಿಡಿದು ಕಾದು, ಅದನ್ನು ತೆಗೆದು ನೀರಿಗೆ ಹಾಕಿದರು. ಉಳಿದವು ಎರಡು. ಅಷ್ಟರಲ್ಲೇ ಹೆಡ್ವಿಗ್ ಮುಳುಗಿತು. ಹಡಗುಗಳು ದಡಕ್ಕೆ ಮರಳಿದಾಗ ಹೊಲೊಹೊಲೊ ಜನರು ಲಂಗದ ದೊರೆಗೆ ಅಡ್ಡಬಿದ್ದರು. ಅವನ ಮಣ್ಣಿನ ಗೊಂಬೆಗಳೂ ಹುಟ್ಟಿಕೊಂಡವು. ಬಡಾಯಿ ಕೊಚ್ಚಿದ್ದೆಲ್ಲ ನಿಜವಾಗಿಬಿಟ್ಟರೆ ಮನುಷ್ಯ ಏನು ಮಾಡಬೇಕು? ಮಾವನಿಗೆ ನಿಜವಾಗಿ ಹುಲಿ ಎದುರಾಗಿ, ಕೊಡೆಗೆ ಹೆದರಿ ಓಡಿದ್ದರೆ ಅವರು ಜ್ವರ ಹಿಡಿದು ಮಲಗುತ್ತಿದ್ದರೆಂದು ನನ್ನ ಗುಮಾನಿ.

ಮಾರನೆಯ ದಿನವೇ ಹುಲಿ ಬಂತು. ಜರ್ಮನರ ಬಳಿ ಮೂರನೆಯದೊಂದು ಹಡಗಿತ್ತು: 'ಗ್ರಾಫ್ ಫಾನ್ ಗೋಟ್ಜನ್'. ಜರ್ಮನಿಯ ಪಾಪೆನ್‌ಬುರ್ಗಿನಲ್ಲಿ ಕಟ್ಟಿ, ಬಿಚ್ಚಿ, ಐದು ಸಾವಿರ ಪೆಟ್ಟಿಗೆಗಳಲ್ಲಿ ತುಂಬಿ ತಂದು, ಸರೋವರದ ದಡದಲ್ಲಿ ಮತ್ತೆ ಜೋಡಿಸಿದ್ದು. ಎಪ್ಪತ್ತು ಮೀಟರ್ ಉದ್ದ. ಅದು ತನ್ನ ತಂಗಿ ಹೆಡ್ವಿಗ್ಗನ್ನು ಹುಡುಕುತ್ತ ಮೆಲ್ಲಗೆ ದಡದ ಮುಂದೆ ಹಾದುಹೋಯಿತು. ಎಲ್ಲರೂ ದೋಣಿ ಹತ್ತಲು ಓಡಿದರು. ಸ್ಪೈಸರ್ ದುರ್ಬೀನು ಇಳಿಸಿ, ಬೇಡ ಎಂದ. ಆ ದಿನ ಅವನ ಮಾತು ತಪ್ಪೆಂದು ನನಗೆ ತೋರುವುದಿಲ್ಲ. ಅದರ ಮೇಲೆ ನಿಜವಾದ ದೊಡ್ಡ ತೋಪಿತ್ತು. ಆದರೆ ಅಲ್ಲಿಂದಾಚೆಗೆ ಮನುಷ್ಯನ ಒಳಗೇ ಏನೋ ಕುಸಿಯಿತು. ದೊಡ್ಡ ದೋಣಿ ಹುಡುಕುವ ನೆಪದಲ್ಲಿ ತಿಂಗಳುಗಟ್ಟಲೆ ಕಾಂಗೋದೊಳಗೆ ಹೋಗಿಬಿಟ್ಟ. ಬಂದ ಮೇಲೂ ಗೋಟ್ಜನ್ ತಂಟೆಗೆ ಹೋಗಲಿಲ್ಲ. ಜೂನ್‌ನಲ್ಲಿ ದಕ್ಷಿಣದ ಬಿಸ್ಮಾರ್ಕ್‌ಬುರ್ಗ್ ಕೋಟೆಯ ಮುಂದೆ ತನ್ನ ಹಡಗುಗಳನ್ನು ನಿಲ್ಲಿಸಿದ್ದ. ಕೋಟೆಯ ಮೇಲೆ ತೋಪುಗಳನ್ನು ಕಂಡು ದೂರ ಸರಿದ. ಆ ಸಂದಿನಲ್ಲಿ ಜರ್ಮನರು ನಾಡದೋಣಿಗಳಲ್ಲಿ ಕುಳಿತು ರಾತ್ರೋರಾತ್ರಿ ಪಾರಾದರು. ಆಮೇಲೆ ಒಳಹೊಕ್ಕು ನೋಡಿದರೆ ತೋಪುಗಳು ಮರದವು. ಬಡಾಯಿಯ ಗುರುವಿಗೇ ಯಾರೋ ಬಡಾಯಿ ತೋರಿಸಿ ಗೆದ್ದಿದ್ದರು. ಇಂಥ ಪೆಟ್ಟಿಗೆ ಔಷಧಿಯಿಲ್ಲ. ದೇಹವೂ ಮನಸ್ಸೂ ಸೋತು, ಕಾಯಿಲೆಯ ರಜೆಯ ಮೇಲೆ ಅವನನ್ನು ಊರಿಗೆ ಕಳಿಸಿದರು.

ಗೋಟ್ಜನ್ ಕಥೆ ಬೇರೆ. ಅದರ ದೊಡ್ಡ ತೋಪನ್ನು ಅಷ್ಟರಲ್ಲಿ ಭೂಮಿಯ ಮೇಲಿನ ಯುದ್ಧಕ್ಕೆ ಕಿತ್ತುಕೊಂಡು ಹೋಗಿದ್ದರು. ಸೋಲು ಖಚಿತವಾದಾಗ, 1916ರ ಜುಲೈನಲ್ಲಿ ಜರ್ಮನರು ಅದನ್ನು ತಾವೇ ಕಿಗೋಮಾದ ಬಳಿ ಮುಳುಗಿಸಿದರು. ಮುಳುಗಿಸುವ ಮೊದಲು ಎಂಜಿನ್ನಿಗೆ ಮೂಲೆ ಮೂಲೆಗೂ ದಪ್ಪಗೆ ಗ್ರೀಸ್ ಮೆತ್ತಿದರು, ಮುಂದೆ ಯಾವತ್ತಾದರೂ ಬೇಕಾದೀತೆಂದು. ಈ ಇಡೀ ಕಥೆಯಲ್ಲಿ ಯಾರನ್ನಾದರೂ ಮನೆಗೆ ಕಾಫಿಗೆ ಕರೆಯಬೇಕೆಂದರೆ ನಾನು ಕರೆಯುವುದು ಆ ಗ್ರೀಸ್ ಮೆತ್ತಿದವನನ್ನು. ಎಂಟು ವರ್ಷವಾದ ಮೇಲೆ ಬ್ರಿಟಿಷರು ಹಡಗನ್ನು ಮೇಲೆತ್ತಿದಾಗ ಎಂಜಿನ್ನು ಸುಸ್ಥಿತಿಯಲ್ಲಿತ್ತು. 1927ರಲ್ಲಿ 'ಲಿಯೆಂಬಾ' ಎಂಬ ಹೊಸ ಹೆಸರಿನಲ್ಲಿ ಮತ್ತೆ ನೀರಿಗಿಳಿದು, ಮುಂದೆ ದಶಕಗಟ್ಟಲೆ ಜನರನ್ನೂ ಮೂಟೆಗಳನ್ನೂ ಹೊತ್ತು ಊರಿಂದೂರಿಗೆ ಸಾಗಿಸಿತು.

ಸ್ಪೈಸರ್‌ಗೆ ಡಿ.ಎಸ್.ಒ. ಪದಕ ಬಂತು, ಬೆಲ್ಜಿಯನ್ನರ ಗೌರವವೂ ಬಂತು. ಹಡಗು ಮಾತ್ರ ಮತ್ತೆ ಯಾರೂ ಕೊಡಲಿಲ್ಲ. ಇಲ್ಲಿಂದ ಮುಂದಿನದನ್ನು ಯಾರೂ ಹೆಚ್ಚು ಹೇಳುವುದಿಲ್ಲ, ನನಗೆ ಇಷ್ಟವಾದದ್ದು ಅದೇ. 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಫ್ರೆಂಚ್ ಭಾಷಾಂತರ ಮಾಡಿದ. 1921ರಿಂದ 1937ರವರೆಗೆ ಮೊನಾಕೊದಲ್ಲಿದ್ದ ಅಂತರರಾಷ್ಟ್ರೀಯ ಜಲಮಾಪನ ಕಚೇರಿಯ ಪ್ರಧಾನ ಕಾರ್ಯದರ್ಶಿಯಾಗಿದ್ದ. ಎಲ್ಲಿ ಎಷ್ಟು ಆಳ, ಎಲ್ಲಿ ಬಂಡೆ, ಎಲ್ಲಿ ಮರಳದಿಬ್ಬ ಎಂದು ಜಗತ್ತಿನ ಹಡಗುಗಳಿಗೆಲ್ಲ ತಿಳಿಸುವ ನಕಾಶೆಗಳ ಕಚೇರಿ ಅದು. ಪೋರ್ಟ್ಸ್‌ಮತ್ತಿನ ಮರಳಿಗೆ ಹಡಗು ಹತ್ತಿಸಿದವನಿಗಿಂತ ಚೆನ್ನಾಗಿ ಮರಳಿನ ಮರ್ಮ ಬಲ್ಲವರು ಯಾರಿದ್ದಾರು? ಮತ್ತೆ ಅದೇ ಮೇಜು, ಅದೇ ಕಡತ. ಈ ಸಲ ಅವನಿಗೆ ಒಗ್ಗಿತು. 1947ರಲ್ಲಿ ಕೆನಡಾದಲ್ಲಿ ತೀರಿಕೊಂಡ. ಅವನ ಸರೋವರದಿಂದ ಒಂದು ಕಾದಂಬರಿ ಹುಟ್ಟಿ, ಅದರಿಂದ 1951ರಲ್ಲಿ 'ದಿ ಆಫ್ರಿಕನ್ ಕ್ವೀನ್' ಸಿನಿಮಾ ಬಂತು. ಅದರಲ್ಲಿ ಜರ್ಮನ್ ಹಡಗಿದೆ, ಪುಟ್ಟ ದೋಣಿಯಿದೆ, ಪ್ರೇಮವಿದೆ. ಲಂಗ ತೊಟ್ಟವನು ಇಲ್ಲ. ಅವನನ್ನು ಸೇರಿಸಿದ್ದರೆ ಜನ ನಂಬುತ್ತಿರಲಿಲ್ಲವೇನೋ.

ಮಾವನ ಕೊನೆಯ ವರ್ಷಗಳಲ್ಲಿ ಒಂದು ಮಳೆಗಾಲದ ಮಧ್ಯಾಹ್ನ ಈ ಕಥೆಯನ್ನು ಅವರಿಗೆ ಹೇಳಿದೆ. ಲೀಯ ಸಂಗತಿ ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಕೊಡೆ ಮೂಲೆಯಲ್ಲಿ ಒರಗಿತ್ತು, ಬಟ್ಟೆ ಎರಡು ಕಡೆ ಹರಿದಿತ್ತು. ಮಾವ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಬೆಕ್ಕು ನಾಯಿಯ ಹೆಸರಿಗೆ ನಗಲಿಲ್ಲ, ಲಂಗಕ್ಕೂ ನಗಲಿಲ್ಲ. ಎತ್ತು ಕೆಳಗಿಳಿದು ದೋಣಿ ಮೇಲೇರಿದಾಗ ಮಾತ್ರ ಒಂದು ಕಣ್ಣು ತೆರೆದರು.

ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಡಗು ಬೆಟ್ಟ ಹತ್ತಿತಾ?"

"ಹೌದು ಮಾವ. ಆರು ಸಾವಿರ ಅಡಿ."

"ನೀನು ಓದಿದವನು ಕಣೋ," ಅಂದರು, ನನ್ನ ಬಗ್ಗೆ ನಿಜವಾಗಿ ಮರುಗುವ ದನಿಯಲ್ಲಿ. "ಸುಳ್ಳು ಹೇಳಿದರೂ ಜನ ನಂಬೋ ಹಾಗೆ ಹೇಳಬೇಕು."